ಇಲ್ಲದ ನೇರಳೆ ಗಿಡದ ಹತ್ತಿರ

ಹಿಂದಿನ ವರ್ಷದ ಮಳೆಗಾಲದಲ್ಲಿ ನೀರು ಆ ಗಾಡಿ ದಾರಿಯನ್ನು ಉತ್ತರದ ತುದಿಯಲ್ಲಿ ದಾಟುವುದನ್ನು ನಾನು ನೋಡಿದ್ದೆ. ಒಂದು ನೇರಳೆ ಗಿಡ, ಅದರ ಬುಡದಲ್ಲಿ ಪಾದ ಮುಳುಗುವಷ್ಟು ನೀರು; ಗದ್ದೆಯ ಕಡೆಯಿಂದ ಬಂದು ಹೊಂಡಕ್ಕೆ ಇಳಿಯುತ್ತಿತ್ತು. ಸಮಿತಿಯ ಮೊದಲ ಸಭೆಯಲ್ಲಿ ಇದನ್ನು ಅನುಮಾನದ ಎಳೆಯೂ ಇಲ್ಲದ ದನಿಯಲ್ಲಿ ಹೇಳಿದೆ. ಮರುದಿನ ಎಲ್ಲರೂ ಕೂಡಿ ಜಾಗಕ್ಕೆ ಹೋದೆವು. ಏಪ್ರಿಲ್ ಬಿಸಿಲು. ಉತ್ತರದ ತುದಿಯಲ್ಲಿ ಎರಡು ಹೊಂಗೆ ಗಿಡಗಳಿದ್ದವು. ನೇರಳೆ ಇರಲಿಲ್ಲ.

ರಸ್ತೆ ಕೆಲಸದ ಇಂಜಿನಿಯರ್ ಟೋಪಿ ತೆಗೆದು ಹಣೆ ಒರೆಸಿಕೊಂಡರು. "ಸರ, ನಿಮ್ಮ ಗಿಡ ಚಾ ಕುಡಿಯಾಕ ಹೋಗೇತೇನ್ರೀ?"

ಎಲ್ಲರೂ ನಕ್ಕರು. ನಾನೂ ನಕ್ಕು, "ಕಡಿದಿರಬಹುದು" ಅಂದೆ.

"ಹಂಗಾರ ಬೊಡ್ಡಿ ತೋರಸ್ರಿ."

ಬೊಡ್ಡೆಯೂ ಇರಲಿಲ್ಲ.

ಖಾನಾಪುರ ತಾಲೂಕಿನ ಆ ಊರಿನ ಅಂಚಿನಲ್ಲಿ ಒಂದು ಕಾಲಕ್ಕೆ ಹಂಚಿನ ಕಾರ್ಖಾನೆ ಇತ್ತು. ಹಂಚಿಗಾಗಿ ಮಣ್ಣು ತೆಗೆದ ತಗ್ಗುಗಳೆಲ್ಲ ಕೂಡಿ ದೊಡ್ಡ ಹೊಂಡವಾಯಿತು. ಕಾರ್ಖಾನೆ ಮುಚ್ಚಿತು, ಹೊಂಡ ಉಳಿಯಿತು. ಈಗ ಅದರ ತುಂಬ ಜೊಂಡು, ನೀರುಕೋಳಿಗಳು, ಚಳಿಗಾಲದಲ್ಲಿ ಎಲ್ಲಿಂದಲೋ ಬಂದಿಳಿಯುವ ಬಾತುಗಳು. ಪಕ್ಕದ ಗಲ್ಲಿಯ ಬಾವಿಗಳಲ್ಲಿ ಬೇಸಿಗೆಯಲ್ಲೂ ನೀರಿರುವುದು ಈ ಹೊಂಡದಿಂದ. ಹೊಂಡದ ಪಶ್ಚಿಮಕ್ಕೆ ಗಾಡಿ ದಾರಿ, ದಾರಿಯ ಆಚೆಗೆ ಭತ್ತದ ಗದ್ದೆಗಳು. ಉತ್ತರದ ತುದಿಯಲ್ಲಿ, ದಾರಿಗೂ ಹೊಂಡಕ್ಕೂ ನಡುವೆ, ಹೊಸದಾಗಿ ಮನೆಗಳ ಪ್ಲಾಟು ಹಾಕಿದ್ದರು. ಪ್ಲಾಟುಗಳಿಗೆಂದೇ ಗಾಡಿ ದಾರಿಯನ್ನು ಸೊಂಟದೆತ್ತರಕ್ಕೆ ಮುರುಮ, ಅಂದರೆ ಗರಸು ಮಣ್ಣು, ತುಂಬಿ ಏರಿಸಿ ಡಾಂಬರು ಹಾಕುವ ಕೆಲಸ ಮಂಜೂರಾಗಿತ್ತು. ನಕ್ಷೆಯಲ್ಲಿ ನೀರು ದಾಟಲು ಒಂದೇ ಒಂದು ಸಿಮೆಂಟ್ ಪೈಪು, ಅದೂ ದಕ್ಷಿಣದ ತುದಿಯಲ್ಲಿ.

ಇಂಥ ಕೆಲಸಗಳಿಂದ ಹೊಂಡಕ್ಕೆ ಏನಾಗುತ್ತದೆ ಎಂದು ನೋಡಿ ಅಭಿಪ್ರಾಯ ಕೊಡುವುದು ಊರ ಸಮಿತಿಯ ಕೆಲಸ. ತಡೆಯುವ ಅಧಿಕಾರ ನಮಗಿಲ್ಲ. ನನ್ನ ಮನೆ ಇರುವುದು ಬೆಳಗಾವಿಯ ಖಾಸಬಾಗದಲ್ಲಿ. ಮಚ್ಛೆಯ ಸಣ್ಣ ಕಾರ್ಖಾನೆಗಳು ಹೊರಬಿಡುವ ನೀರಿನ ಪರೀಕ್ಷೆ ಮಾಡಿಕೊಡುವುದು ನನ್ನ ಹೊಟ್ಟೆಪಾಡು. ವಿಶ್ವವಿದ್ಯಾಲಯದಲ್ಲಿ ಅಂತರ್ಜಲ ಓದಿದವನೆಂದು ಸಮಿತಿಯವರು ನನ್ನನ್ನು ತಾಂತ್ರಿಕ ಸದಸ್ಯನಾಗಿ ಸೇರಿಸಿಕೊಂಡಿದ್ದರು. ಹೆಚ್ಚಿನ ಸಭೆಗಳಲ್ಲಿ ನನ್ನ ಪಾತ್ರ "ಇದಕ್ಕೆ ಆಧಾರ ಏನು?" ಎಂದು ಕೇಳುವುದು. ಈ ಸಲ ಆ ಪ್ರಶ್ನೆ ನನ್ನ ಕಡೆಗೇ ತಿರುಗಿತ್ತು.

ಉತ್ತರದ ತುದಿಯ ಕೊನೆಯ ಪ್ಲಾಟಿನಲ್ಲಿ ಆಗಲೇ ಪಾಯಾ ತೋಡಿದ್ದರು. ಮಾಲೀಕ ಮಚ್ಛೆಯ ಒಂದು ಕಾರ್ಖಾನೆಯಲ್ಲಿ ಟರ್ನರ್, ಲೇತ್ ಯಂತ್ರದ ಮೇಲೆ ಕಬ್ಬಿಣ ಕಡೆಯುವವರು. ಭಾನುವಾರ ರಜೆಯಿದ್ದಾಗ ತಾವೇ ಸಲಿಕೆ ಹಿಡಿದು ತೋಡಿದ ಪಾಯಾ ಅದು. ಅವರು ನಮ್ಮ ಮಾತನ್ನೆಲ್ಲ ದೂರದಲ್ಲಿ ನಿಂತು ಕೇಳಿ, ಕೊನೆಗೆ ಹತ್ತಿರ ಬಂದರು.

"ಸಾಹೇಬ್ರ, ನೀವು ಹೇಳೂದು ಖರೇ ಆದ್ರ ಇಲ್ಲೊಂದು ಪೈಪ್ ಬರತೈತಿ. ಪೈಪಿನ ಬಾಯಿ ನೆಟ್ಟಗ ನನ್ನ ಪಡಸಾಲ್ಯಾಗ ತೆರೀತೈತಿ. ಹೌದಿಲ್ಲೋ?"

"ಹೌದು."

"ನೀವು ಹೇಳೂದು ಸುಳ್ಳಾದ್ರ?"

"ಹಾಗಾದರೆ ನಿಮಗೆ ಏನೂ ತೊಂದರೆ ಇಲ್ಲ."

"ಮತ್ತ ಗಿಡ ಅಂತೂ ಸುಳ್ಳಾತು," ಅಂದರು. ಸಿಟ್ಟಿನಿಂದಲ್ಲ, ಲೆಕ್ಕ ಹಾಕುವವರ ಹಾಗೆ.

ಆ ಮಾತು ಖಾಸಬಾಗದವರೆಗೂ ನನ್ನ ಜೊತೆ ಬಸ್ಸಿನಲ್ಲಿ ಬಂತು. ನನ್ನ ನೆನಪಿನ ಮೇಲೆ ನನಗೆ ಮೊದಲಿನಿಂದಲೂ ಪೂರ್ತಿ ವಿಶ್ವಾಸವಿಲ್ಲ. ನಮ್ಮ ಅಪ್ಪನ ಸೈಕಲ್ ಹಸಿರು ಬಣ್ಣದ್ದು ಎಂದು ನಾನು ಹೇಳುತ್ತೇನೆ, ಅಣ್ಣ ಕಪ್ಪು ಎನ್ನುತ್ತಾನೆ. ಅದರ ಸೀಟಿನ ಕೆಳಗಿನ ಹಸಿರು ಬಣ್ಣ ಕಿತ್ತು ಬಂದದ್ದು ಕೂಡ ನನಗೆ ಕಾಣುತ್ತದೆ. ಒಂದು ಹಳೆಯ ಫೋಟೋ ಸಿಕ್ಕಿತು, ಸೈಕಲ್ ಕಪ್ಪಗಿತ್ತು. ವಿವರ ಹೆಚ್ಚಾದಷ್ಟೂ ನೆನಪು ನಿಜವೆಂದು ನಂಬುವುದನ್ನು ಅಂದಿನಿಂದ ಬಿಟ್ಟಿದ್ದೆ, ಅಥವಾ ಬಿಟ್ಟಿದ್ದೇನೆ ಅಂದುಕೊಂಡಿದ್ದೆ.

ಪರೀಕ್ಷೆಗಳಿಂದಲೇ ತೀರ್ಮಾನಿಸೋಣ ಎಂದು ಹೊರಟೆ. ಮೊದಲು ಮೊಬೈಲಿನ ಫೋಟೋ ಹುಡುಕಿದೆ. ಒಂದೇ ಸಿಕ್ಕಿತು: ನನ್ನ ಬೂಟು, ಕೆಂಪು ನೀರು, ಒಂದಿಷ್ಟು ಹುಲ್ಲು. ಅದು ಘಟ್ಟದ ಅಂಚಿನ ಕಣಕುಂಬಿಯಾದರೂ ಆಗಬಹುದಿತ್ತು. ಅದೇ ವಾರ ಅಲ್ಲಿಗೂ ಹೋಗಿದ್ದೆ. ಉಪಗ್ರಹದ ಚಿತ್ರಗಳನ್ನು ತೆಗೆದು ನೋಡಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಖಾನಾಪುರದ ಮೇಲೆ ಮೋಡ ಬಿಟ್ಟರೆ ಬೇರೇನೂ ಇರಲಿಲ್ಲ.

ಮುಂದಿನ ವಾರ ಇಂಜಿನಿಯರ್ ತಮ್ಮ ಲೆವೆಲ್ ಯಂತ್ರ ತಂದರು. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ದುರ್ಬೀನು ಕೂರಿಸಿ, ಗೆರೆ ಹಾಕಿದ ಕೋಲನ್ನು ದಾರಿಯುದ್ದಕ್ಕೂ ಹಿಡಿಸಿ ಏರು ತಗ್ಗು ಅಳೆಯುವ ಕೆಲಸ. ನಾನು ಕೋಲು ಹಿಡಿದೆ. ಉತ್ತರದ ತುದಿ ದಕ್ಷಿಣಕ್ಕಿಂತ ಮೊಣಕಾಲಿನಷ್ಟು ಎತ್ತರವಿತ್ತು. ಯಂತ್ರ ತಿರುಗಿಸಿ ಇನ್ನೊಮ್ಮೆ ಅಳೆದೆವು, ಅಷ್ಟೇ ಬಂತು. ಗದ್ದೆಗಳ ಹೆಚ್ಚಿನ ನೀರು ಹೊರಬೀಳುವ ಬಾಯಿಯೂ ದಕ್ಷಿಣದಲ್ಲೇ ಇತ್ತು, ಬದುವಿನಲ್ಲಿ ಒಂದು ಮೊಳದಗಲದ ಸೀಳು.

"ನೀರು ಏರಿ ಹತ್ತೂದಿಲ್ರೀ ಸರ," ಅಂದರು ಇಂಜಿನಿಯರ್. ಈ ಸಲ ತಮಾಷೆ ಇರಲಿಲ್ಲ. ಅವರು ಕೆಟ್ಟ ಮನುಷ್ಯರಲ್ಲ. ಮಳೆಗಿಂತ ಮೊದಲು ಮುರುಮ ತುಂಬಿ ಮುಗಿಸದಿದ್ದರೆ ಕೆಲಸ ಮುಂದಿನ ವರ್ಷಕ್ಕೆ ಹೋಗುತ್ತದೆ ಎಂಬ ಆತಂಕ ಅವರದು.

ಮಣ್ಣನ್ನಾದರೂ ಕೇಳೋಣ ಎಂದು ಉತ್ತರದ ಅಂಚಿನಲ್ಲಿ ಒಂದು ಗುಂಡಿ ತೋಡಿಸಿದೆ. ವರ್ಷವರ್ಷ ನೀರು ನಿಂತು ಇಳಿಯುವ ಮಣ್ಣು ಬೂದಿ ಬಣ್ಣಕ್ಕೆ ತಿರುಗಿ, ನಡುನಡುವೆ ತುಕ್ಕಿನ ಕಲೆಗಳನ್ನು ಹಿಡಿದಿರುತ್ತದೆ. ಅದು ಮರೆಯುವುದಿಲ್ಲ, ನನ್ನ ಹಾಗಲ್ಲ. ಆದರೆ ಸಲಿಕೆಗೆ ಸಿಕ್ಕಿದ್ದು ಒಡೆದ ಹಂಚು. ಅದರ ಕೆಳಗೆ ಇನ್ನಷ್ಟು ಒಡೆದ ಹಂಚು. ಕಾರ್ಖಾನೆಯವರು ತಮ್ಮ ಕಸವನ್ನೆಲ್ಲ ಅಲ್ಲಿ ಸುರಿದಿದ್ದರು. ಆ ಗುಂಡಿ ಏನನ್ನೂ ಹೇಳಲಿಲ್ಲ.

ಎರಡನೆಯ ಸಭೆಯಲ್ಲಿ ಗದ್ದೆಯವರನ್ನು ಕರೆಸಿ ಕೇಳಿದೆವು. ಅರ್ಧ ಕನ್ನಡ, ಅರ್ಧ ಮರಾಠಿಯಲ್ಲಿ ಮಾತು ನಡೆಯಿತು. ಉತ್ತರದ ಕಡೆ ನೀರು ದಾಟುತ್ತದೆಯೇ ಎಂದರೆ ಒಬ್ಬರು ಮೇಲೆ ನೋಡಿದರು, ಇನ್ನೊಬ್ಬರು ಕೆಮ್ಮಿದರು. "ನಾವಂತೂ ನೋಡಿಲ್ರೀ" ಎಂಬುದು ಒಟ್ಟು ಉತ್ತರ. ಸಮಿತಿಯ ಅಧ್ಯಕ್ಷೆ, ಊರವರೆಲ್ಲ ವೈನಿ ಎಂದು ಕರೆಯುವ ಮಧ್ಯವಯಸ್ಸಿನ ಹೆಣ್ಣುಮಗಳು, ಸಭೆಯುದ್ದಕ್ಕೂ ತಮ್ಮ ಚಹಾದ ಕಪ್ಪನ್ನೇ ನೋಡುತ್ತ ಕೂತಿದ್ದರು. ಅವರ ಮೈದುನನಿಗೂ ಅಲ್ಲಿ ಗದ್ದೆಯಿತ್ತು. ಆದರೆ ಅಂದು ನಾನು ಅದಕ್ಕೆ ಮಹತ್ವ ಕೊಡಲಿಲ್ಲ.

ನನ್ನ ಸರದಿ ಬಂತು. ನಾನು ಕಂಡದ್ದನ್ನು ಈಗ ಪೂರ್ತಿ ನಂಬಲಾರೆ, ಪೂರ್ತಿ ಬಿಡಲೂ ಆರೆ ಎಂದೆ. ಗಿಡದ ವಿಷಯದಲ್ಲಿ ತಪ್ಪಿದ್ದೇನೆ, ನೀರಿನ ವಿಷಯದಲ್ಲೂ ತಪ್ಪಿರಬಹುದು. ಆದ್ದರಿಂದ ದಕ್ಷಿಣದಿಂದ ಮುರುಮ ತುಂಬುತ್ತ ಬರಲಿ, ಉತ್ತರದ ತುದಿಯಲ್ಲಿ ನಾಲ್ಕು ಮಾರು ಮಾತ್ರ ಹಳೆಯ ನೆಲ ಹಾಗೇ ಇರಲಿ, ಮೊದಲ ದೊಡ್ಡ ಮಳೆ ನೋಡಿ ಮುಂದೆ ಹೋಗೋಣ. ಇಂಜಿನಿಯರ್‌ಗೆ ಇದು ಒಪ್ಪಿಗೆಯಾಯಿತು, ಅವರ ಕೆಲಸ ನಿಲ್ಲುವುದಿಲ್ಲವಲ್ಲ. ಉಳಿದದ್ದು ಟರ್ನರ್. ಅವರು ಪಾಯಾಕ್ಕೆ ಕಲ್ಲು ಕಟ್ಟಿಸುವುದನ್ನು ಅಲ್ಲಿಯವರೆಗೆ ನಿಲ್ಲಿಸಬೇಕು. ಕಾನೂನಿನಿಂದ ನಿಲ್ಲಿಸುವ ದಾರಿ ನಮಗಿರಲಿಲ್ಲ, ಬರೀ ಕೇಳಿಕೊಳ್ಳಬೇಕಿತ್ತು.

"ನಾ ಗಣಪತಿ ಹಬ್ಬಕ್ಕ ಹೊಸ ಮನ್ಯಾಗ ಕೂಡಬೇಕಂತ ಮಾಡೇನ್ರೀ," ಅಂದರು. "ಅದೂ ನಿಂತೈತಿ ಎದರ ಮ್ಯಾಲ? ನಿಮಗ ನೆನಪಿದ್ದ ನೀರಿನ ಮ್ಯಾಲ."

"ನನಗೂ ಅದೇ ಚಿಂತೆ."

"ಒಂದ ಕರಾರು," ಅಂದರು ಟರ್ನರ್. "ಮಳ್ಯಾಗ ನೀವೂ ಬಂದು ನನ್ನ ಬಾಜುಕ ನಿಂದರಬೇಕು. ಬೆಳಗಾಂವ್ಯಾಗ ಕುಂತು ಫೋನ್ ಮಾಡೂದಲ್ಲ."

ಜೂನ್‌ನಲ್ಲಿ ಮಳೆ ಹಿಡಿಯಿತು. ಎರಡು ದಿನ ಬಿಡದೆ ಸುರಿದ ಮೇಲೆ ಕೊಡೆ ಹಿಡಿದು ಹೋದೆ. ಟರ್ನರ್ ರಜೆ ಹಾಕಿ ಬಂದಿದ್ದರು, ಕೈಯಲ್ಲಿ ಪೇಪರಿನಲ್ಲಿ ಕಟ್ಟಿದ ಚುರುಮುರಿ. ಗದ್ದೆಗಳಲ್ಲಿ ನೀರು ತುಂಬಿ, ದಕ್ಷಿಣದ ಬಾಯಿಯಿಂದ ಭೋರೆಂದು ಬಿದ್ದು, ಹೊಸ ಪೈಪಿನೊಳಗೆ ಹಾಯ್ದು ಹೊಂಡ ಸೇರುತ್ತಿತ್ತು. ಇಂಜಿನಿಯರ್ ಹೇಳಿದ ಹಾಗೆಯೇ. ಉತ್ತರದ ನಾಲ್ಕು ಮಾರಿನಲ್ಲಿ ಹುಲ್ಲು ಒದ್ದೆಯಾಗಿತ್ತು, ಅಷ್ಟೆ. ನಾವು ಹೊಂಗೆಯ ಕೆಳಗೆ ನಿಂತು ಚುರುಮುರಿ ತಿಂದೆವು. ಗಂಟೆಗಟ್ಟಲೆ ಕಾದೆವು. ಏನೂ ಬರಲಿಲ್ಲ.

"ಸಾಹೇಬ್ರ, ಬೇಜಾರ ಮಾಡ್ಕೋಬ್ಯಾಡ್ರಿ," ಅಂದರು ಅವರು, ನನ್ನನ್ನೇ ಸಮಾಧಾನ ಮಾಡುತ್ತ. ಅವರ ಮುಖ ಅರಳಿತ್ತು. "ಶುರು ಮಾಡ್ಲಿ?"

ಮಾಡಿ ಎನ್ನುವುದು ನನ್ನ ನಾಲಿಗೆಯ ತುದಿಯಲ್ಲಿತ್ತು. ಅಳತೆ, ಮಳೆ, ಊರವರ ಮಾತು ಎಲ್ಲವೂ ಒಂದು ಕಡೆ. ಇನ್ನೊಂದು ಕಡೆ ನನ್ನ ಬೂಟಿನ ಫೋಟೋ. ಅಷ್ಟರಲ್ಲಿ ವೈನಿ ಸೆರಗನ್ನು ತಲೆಯ ಮೇಲೆಳೆದುಕೊಂಡು ಆ ದಾರಿಯಲ್ಲಿ ಬಂದರು. ನಿಂತು ನೋಡಿದರು.

"ನಾಟಿ ಆಗೂತನಕ ತಡೀರಿ," ಅಂದರು.

"ಯಾಕ್ರೀ ವೈನಿ?" ಅಂದರು ಟರ್ನರ್.

"ಸುಮ್ನ." ಅಷ್ಟು ಹೇಳಿ ನಡೆದುಬಿಟ್ಟರು.

ಕಾರಣ ಹೇಳದ ಸಲಹೆ ನನಗೆ ಆಗಿಬರುವುದಿಲ್ಲ. ಟರ್ನರ್‌ಗೆ ನಾಳೆ ಹೇಳುತ್ತೇನೆ ಎಂದು ಅಲ್ಲಿಂದ ನೇರ ವೈನಿಯ ಮನೆಗೆ ಹೋದೆ. "ಬರ್ರಿ, ಕುಂದರ್ರಿ," ಎಂದು ತಾಟಿನಲ್ಲಿ ಅವಲಕ್ಕಿ ತಂದಿಟ್ಟರು. ಅವಲಕ್ಕಿ ಮುಗಿದ ಮೇಲೆ ಅವರೇ ಶುರು ಮಾಡಿದರು.

"ನಾಟಿ ಟೈಮ್‌ನ್ಯಾಗ ದಕ್ಷಿಣದ ಬಾಯಿ ಮುಚ್ಚತಾರ್ರಿ. ಎಲ್ಲಾ ಗದ್ದಿಗೂ ಒಮ್ಮೆಲೇ ನೀರ ನಿಂದರಬೇಕಲ್ಲ. ಮಣ್ಣಿನ ಹೆಂಟಿ ಇಟ್ಟು ಮುಚ್ಚತಾರ, ನಾಟಿ ಮುಗದ ಮ್ಯಾಲ ತೆಗೀತಾರ."

"ಸಭೆಯಲ್ಲಿ ಯಾರೂ ಇದನ್ನು ಹೇಳಲಿಲ್ಲವಲ್ಲ."

"ಹೆಂಗ ಹೇಳ್ತಾರ? ಬಾಯಿ ಮುಚ್ಚಿದ್ರ ಹೊಂಡಕ್ಕ ನೀರ ಬರೂದಿಲ್ಲ ಅಂತ ಗಲ್ಲಿಯವರು ಹಿಂದ ದೊಡ್ಡ ಜಗಳ ತಗದಿದ್ರು. ಇನ್ನ ಮುಚ್ಚೂದಿಲ್ಲ ಅಂತ ಗದ್ದಿಯವರು ಗುಡಿ ಮುಂದ ನಿಂತು ಮಾತ ಕೊಟ್ಟಾರ. ನಮ್ಮ ಮೈದುನಾನೂ ಕೊಟ್ಟಾನ." ಅವರು ನನ್ನ ಖಾಲಿ ತಾಟನ್ನು ಸರಿಸಿದರು. "ಪ್ರತಿ ವರ್ಷ ಮುಚ್ಚತಾರ. ಗಲ್ಲಿಯವರಿಗೂ ಗೊತ್ತೈತಿ. ಗೊತ್ತಿಲ್ಲ ಅಂದ್ಕೊಂಡು ಇರತಾರ. ಮುಂಜಾನೆದ್ದು ಒಬ್ಬರ ಮಾರಿ ಒಬ್ಬರು ನೋಡಬೇಕಲ್ಲರೀ."

"ಮುಚ್ಚಿದಾಗ ನೀರು ಉತ್ತರಕ್ಕೆ ದಾಟುತ್ತದೆಯೇ?"

"ಆ ಹೊತ್ತಿನ್ಯಾಗ ನಾವೆಲ್ಲಾ ಬಗ್ಗಿ ಸಸಿ ಹಚ್ಚತಿರತೇವಿ. ನೀರ ಎಲ್ಲಿ ಹೋತು ಅಂತ ಯಾರ ನೋಡ್ಯಾರ?"

ಮನೆಗೆ ಬಂದು ಲೆಕ್ಕ ಹಾಕಿದೆ. ದಕ್ಷಿಣದ ಬಾಯಿ ಮುಚ್ಚಿದರೆ ಗದ್ದೆಗಳಲ್ಲಿ ನೀರು ಮೊಣಕಾಲಿನವರೆಗೆ ಏರಬಹುದು. ಉತ್ತರದ ನೆಲವೂ ಅಷ್ಟೇ ಎತ್ತರ. ದೊಡ್ಡ ಮಳೆ ಬಂದರೆ ದಾಟೀತು, ಬಾರದಿದ್ದರೆ ಇಲ್ಲ. ಅಂದರೆ ಇಂಜಿನಿಯರ್ ಅಳೆದದ್ದು ಸರಿಯಿದ್ದು, ನಾನು ಕಂಡದ್ದೂ ಸರಿಯಿರಬಹುದು. ಇದನ್ನು ವರದಿಯಲ್ಲಿ ಬರೆದರೆ ಇಂಜಿನಿಯರ್ ತಾವೇ ಅಂದೇ ಮುರುಮ ನಿಲ್ಲಿಸುತ್ತಿದ್ದರು. ಜೊತೆಗೆ ವೈನಿ ತಮ್ಮ ಮೈದುನನ ಗುಟ್ಟು ಬಿಟ್ಟರು ಎಂಬುದು ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತಿತ್ತು. ಮುಂದೆ ಆ ಸಮಿತಿಗೆ ಯಾರೂ ಒಂದು ನಿಜ ಹೇಳುತ್ತಿರಲಿಲ್ಲ. ಹಾಗೆಂದು ಸುಮ್ಮನಿದ್ದು ಪಾಯಾ ಕಟ್ಟಿ ಎಂದರೆ, ಏರಿಸಿದ ರಸ್ತೆ ಒಡ್ಡಿನಂತೆ ನೀರು ತಡೆದು, ಒಂದಲ್ಲ ಒಂದು ಮಳೆಗಾಲದಲ್ಲಿ ಆ ಪಡಸಾಲೆಯ ಎದುರಿಗೇ ಒಡೆಯಬಹುದಿತ್ತು.

ನಾನು ಬರೆಯಲಿಲ್ಲ. ಟರ್ನರ್‌ಗೆ ಫೋನ್ ಮಾಡಿ, ಪರೀಕ್ಷೆ ಇನ್ನೂ ಮುಗಿದಿಲ್ಲ, ನಾಟಿಯ ಹೊತ್ತಿನ ಮಳೆಯನ್ನೂ ನೋಡಬೇಕು ಎಂದೆ.

ಆಚೆ ಕಡೆ ಲೇತಿನ ಸದ್ದು. "ನಿಮಗ ನಿಮ್ಮ ಮಾತ ಗೆಲ್ಲಬೇಕಾಗೇತಿ, ಅದಕ್ಕ ಎಳ್ಯಾಕತ್ತೀರಿ," ಅಂದರು.

ಇರಬಹುದೇ ಎಂದು ನಾನೂ ಯೋಚಿಸಿದೆ. ಪ್ರಾಮಾಣಿಕವಾಗಿ ಹೇಳುವುದಾದರೆ, ಇಲ್ಲ ಎಂದು ಖಚಿತವಾಗಿ ಹೇಳಲಾರೆ. "ಈ ಸಲ ಏನೂ ಬರದಿದ್ದರೆ, ನನ್ನ ತಪ್ಪು ಎಂದು ಸಭೆಯಲ್ಲಿ ಹೇಳಿ ಸಹಿ ಹಾಕುತ್ತೇನೆ" ಎಂದೆ. ಅವರು ಫೋನ್ ಇಟ್ಟರು. ಆದರೆ ಕಲ್ಲು ತರಿಸಲಿಲ್ಲ.

ಜುಲೈನಲ್ಲಿ ಒಂದು ಬೆಳಿಗ್ಗೆ ವೈನಿಯ ಫೋನ್. "ಬರ್ರಿ," ಇಷ್ಟೇ.

ಗದ್ದೆಗಳ ತುಂಬ ಬಗ್ಗಿದ ಬೆನ್ನುಗಳು, ಪ್ಲಾಸ್ಟಿಕ್ ಕೊಪ್ಪೆಗಳು. ಉತ್ತರದ ತುದಿಯಲ್ಲಿ ಇಂಜಿನಿಯರ್, ಟರ್ನರ್, ಗಲ್ಲಿಯ ಐದಾರು ಹೆಣ್ಣುಮಕ್ಕಳು ನಿಂತಿದ್ದರು. ಆ ನಾಲ್ಕು ಮಾರಿನ ತುಂಬ ನೀರು. ಹುಲ್ಲಿನ ತುದಿಗಳಷ್ಟೇ ಮೇಲೆ ಕಾಣುತ್ತಿದ್ದವು.

"ನಿಂತ ಮಳಿ ನೀರರೀ ಇದು," ಅಂದರು ಇಂಜಿನಿಯರ್. "ಹರಿಯಾಕತ್ತಿಲ್ಲ."

ಅವರ ಮಾತು ತೆಗೆದುಹಾಕುವಂತಿರಲಿಲ್ಲ. ಕೆಂಪು ನೀರು, ಮೇಲೆ ಮಳೆಯ ಹನಿಗಳು. ಕದಲುತ್ತಿದೆಯೋ ಇಲ್ಲವೋ ಕಣ್ಣಿಗೆ ತಿಳಿಯುವಂತಿರಲಿಲ್ಲ. ನನ್ನ ಬಳಿ ಇದ್ದ ಹರಿವು ಅಳೆಯುವ ಉಪಕರಣ ಇಷ್ಟು ತೆಳುವಾದ ನೀರಿನಲ್ಲಿ ತಿರುಗುವುದೇ ಇಲ್ಲ. ಟರ್ನರ್ ಕಡೆ ನೋಡಿದೆ. ಅವರ ಕೈಯಲ್ಲಿ ಮತ್ತೆ ಪೇಪರಿನ ಪೊಟ್ಟಣ ಇತ್ತು.

"ಒಂದು ಮುಷ್ಟಿ ಕೊಡ್ತೀರಾ?"

ಅವರಿಗೆ ತಕ್ಷಣ ಅರ್ಥವಾಯಿತು. ಕೊಡಲಿಲ್ಲ. ತಾವೇ ನೀರಿಗಿಳಿದು ಗದ್ದೆಯ ಅಂಚಿಗೆ ಹೋಗಿ, ಬಗ್ಗಿ, ಚುರುಮುರಿಯನ್ನು ಮೆಲ್ಲಗೆ ನೀರಿನ ಮೇಲೆ ಬಿಟ್ಟರು. ಬಿಳಿ ಕಾಳುಗಳು ಮೊದಲು ಅಲ್ಲೇ ಸುತ್ತಿದವು. ಆಮೇಲೆ ಒಂದೊಂದಾಗಿ ಸಾಲು ಹಿಡಿದವು. ಹುಲ್ಲಿನ ನಡುವೆ ತಡೆಯುತ್ತ, ಬಿಡಿಸಿಕೊಳ್ಳುತ್ತ, ದಾರಿ ದಾಟಿ ಅವರ ಪಾಯಾದ ಉತ್ತರದ ಗೋಡೆಗೆ ತೋಡಿದ ಕಾಲುವೆಯೊಳಗೆ ಇಳಿದವು, ಅಲ್ಲಿಂದ ಹೊಂಡಕ್ಕೆ. ಅವುಗಳ ಹಿಂದೆಯೇ ನಡೆಯುತ್ತ ಬಂದ ಟರ್ನರ್ ಪಾಯಾದ ಅಂಚಿನಲ್ಲಿ ನಿಂತು ತುಂಬ ಹೊತ್ತು ನೋಡಿದರು.

"ನನ್ನ ಪಡಸಾಲಿ," ಅಂದರು.

ನನಗೆ ಗೆದ್ದೆ ಎನಿಸಲಿಲ್ಲ.

ಗಲ್ಲಿಯ ಒಬ್ಬ ಅಜ್ಜಿ ದಕ್ಷಿಣದ ಕಡೆ ಕೈ ತೋರಿಸಿ, "ಅಲ್ಲಿ ಬಾಯಿ ಮುಚ್ಚಿದ್ರ ಇಲ್ಲಿ ಬರದ ಏನ ಮಾಡತೈತಿ?" ಎಂದಳು, ಯಾರನ್ನೂ ನೋಡದೆ. ಗದ್ದೆಯಲ್ಲಿ ಕೆಲವರು ಬೆನ್ನು ನೆಟ್ಟಗೆ ಮಾಡಿದರು.

ವೈನಿ ಮುಂದೆ ಬಂದರು. "ಹೌದಬೇ, ಮುಚ್ಚತಾರ. ನಮ್ಮವರೂ ಮುಚ್ಚತಾರ. ಈಗ ನೀರ ಹೇಳಿತು, ಇನ್ನ ನಾವ್ಯಾಕ ಸುಳ್ಳಾಡೂಣು? ಎರಡೂ ಕಡೆ ನಡಿಯೂವಂಗ ಏನರ ಮಾಡೂಣು."

"ಮುಚ್ಚೂದ ಮುಚ್ಚತೀರಿ, ಹೇಳಿ ಮುಚ್ಚರಿ," ಎಂದಳು ಅಜ್ಜಿ. "ನಾವೂ ಬಾವಿ ನೋಡ್ಕೊಂಡು ನೀರ ಸೇದತೇವಿ."

ಜಗಳ ಆಗುತ್ತದೆ ಎಂದು ಕಾದೆ. ಅಷ್ಟರಲ್ಲೇ ಮುಗಿಯಿತು. ಇಂಜಿನಿಯರ್ ಆಗಲೇ ಮೊಬೈಲಿನಲ್ಲಿ ಯಾರಿಗೋ ಮರಾಠಿಯಲ್ಲಿ ಇನ್ನೊಂದು ಪೈಪಿನ ಅಳತೆ ಹೇಳುತ್ತಿದ್ದರು.

ಆಮೇಲಿನದು ಸಭೆಗಳ ಕೆಲಸ. ದಕ್ಷಿಣದ ಬಾಯಿಗೆ ಮಣ್ಣಿನ ಹೆಂಟೆಯ ಬದಲು ಹಲಗೆ ಕೂರಿಸಿ, ಅರ್ಧ ಎತ್ತರಕ್ಕಿಂತ ಮೇಲೆ ಮುಚ್ಚದಂತೆ ಒಪ್ಪಂದವಾಯಿತು. ಉತ್ತರದಲ್ಲಿ ಪೈಪು ಬಂತು. ಟರ್ನರ್ ಮನೆಯ ನಕ್ಷೆಯನ್ನು ಇಂಜಿನಿಯರ್, ಟರ್ನರ್, ನಾನು ಮೂವರೂ ಕೂಡಿ ಪ್ಲಾಟಿನ ಮೇಲೆ ಸುಣ್ಣದ ಪುಡಿ ಎಳೆದು ಬದಲಿಸಿದೆವು: ಮನೆ ದಕ್ಷಿಣದ ಅರ್ಧಕ್ಕೆ ಸರಿಯಿತು, ಪಾಯಾ ಎರಡು ಸಾಲು ಕಲ್ಲಿನಷ್ಟು ಎತ್ತರವಾಯಿತು, ಮೊದಲು ತೋಡಿದ್ದ ಉತ್ತರದ ಸಾಲು ನೀರಿನ ಕಾಲುವೆಯಾಗಿ ಉಳಿಯಿತು. "ಪುಕ್ಕಟೆ ಗಟಾರ ತೋಡಿಕೊಟ್ಟಂಗಾತು ನಾನು," ಎಂದು ಗೊಣಗಿದರು. ಗಣಪತಿ ಹಬ್ಬಕ್ಕೆ ಮನೆ ಆಗಲಿಲ್ಲ. ಹೊಸ ಪಡಸಾಲೆ ಹೊಂಡದ ಕಡೆಗೆ ಮುಖ ಮಾಡಿತು.

ಒಕ್ಕಲಾದ ಮೇಲೆ ಚಳಿಗಾಲದಲ್ಲಿ ಊಟಕ್ಕೆ ಕರೆದರು. ಪಡಸಾಲೆಯಲ್ಲಿ ಕೂತರೆ ಜೊಂಡಿನ ನಡುವೆ ಬಾತುಗಳು ತಲೆ ಮುಳುಗಿಸಿ ಏಳುವುದು ಕಾಣುತ್ತಿತ್ತು. ಊಟದ ಮೇಲೆ "ಬರ್ರಿ, ಒಂದ ತೋರಸತೇನಿ" ಎಂದು ಪೈಪಿನ ಹತ್ತಿರ ಕರೆದುಕೊಂಡು ಹೋದರು. ಕಾಲುವೆಯ ಅಂಚಿನಲ್ಲಿ ಮುಳ್ಳಿನ ಬೇಲಿಯೊಳಗೆ ಒಂದು ಸಸಿ ನೆಟ್ಟಿದ್ದರು. ಎಲೆ ಹಿಡಿದು ನೋಡಿದೆ. ನೇರಳೆ.

"ನೀವು ಇಲ್ಲಿ ನೇರಳಿ ಗಿಡ ನೋಡಿದ್ದು ಸುಳ್ಳಾಗಬಾರದಲ್ಲರೀ," ಅಂದರು.

ಹೋದ ವಾರ ಮತ್ತೆ ಆ ಕಡೆ ಹೋಗಿದ್ದೆ. ಸಸಿ ನನ್ನ ಎದೆಯೆತ್ತರಕ್ಕೆ ಬಂದಿದೆ. ನನ್ನ ನೇರಳೆ ಬಹುಶಃ ಕಣಕುಂಬಿಯ ಯಾವುದೋ ಹಳ್ಳದ ದಂಡೆಯದು. ಒಂದೇ ವಾರದ ಎರಡು ನೀರುಗಳು ನನ್ನ ತಲೆಯಲ್ಲಿ ಕೂಡಿಕೊಂಡಿರಬೇಕು ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಆದರೆ ಈಚೆಗೆ ಆ ಮಳೆಗಾಲವನ್ನು ನೆನೆಸಿಕೊಂಡಾಗಲೆಲ್ಲ ಗಿಡದ ಸುತ್ತ ಮುಳ್ಳಿನ ಬೇಲಿಯೂ ಕಾಣತೊಡಗಿದೆ.